ಅಚ್ಚು ಮುರಿದ ಡಬ್ಬಿಮನೆ

ತಳಕು ಊರು ದಾಟಿ ಒಂದು ಏರು ಹತ್ತಿ ಇಳಿಯುವಷ್ಟರಲ್ಲಿ ಮುದ್ದಕ್ಕನ ಮನೆ ಎಡಗಡೆಗೆ ವಾಲಿಕೊಂಡಿತು.

ಮನೆ ಅಂದರೆ ಮನೆಯೇ, ನಗಬೇಡಿ. ತಗಡಿನ ಗೋಡೆ, ತಗಡಿನ ಸೂರು, ಒಂದು ಬಾಗಿಲು, ಅಂಗೈಯಗಲದ ಕಿಟಕಿ, ಅಡಿಯಲ್ಲಿ ಎರಡು ಚಕ್ರ. ರಸ್ತೆ ಒತ್ತುವ ರೋಲರಿನ ಹಿಂದೆ ಕೊಂಡಿ ಹಾಕಿ ಊರಿಂದೂರಿಗೆ ಎಳೆದುಕೊಂಡು ಹೋಗುವ ಡಬ್ಬಿ ಅದು. ರೋಲರ್ ಓಡಿಸುವವನು ಅವಳ ಗಂಡ ತಿಪ್ಪಯ್ಯ. ರಸ್ತೆ ಕೆಲಸ ಎಲ್ಲಿ ಬೀಳುತ್ತದೋ ಮನೆ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಮದುವೆಯಾಗಿ ಬಂದಾಗಿನಿಂದ ಮುದ್ದಕ್ಕ ಒಲೆ ಹೂಡಿದ್ದು, ಮಗಳನ್ನು ಹೆತ್ತದ್ದು, ಅವಳಿಗೆ ಜಡೆ ಹೆಣೆದದ್ದು ಎಲ್ಲ ಇದರಲ್ಲೇ.

ಈಗ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಹೊರಟಿದ್ದರು. ಅಲ್ಲಿ ಹೊಸ ರಸ್ತೆ ಕೆಲಸ ಹಿಡಿದಿತ್ತು. ರೋಲರಿನ ನಡಿಗೆ ಮನುಷ್ಯರ ನಡಿಗೆಗಿಂತ ಹೆಚ್ಚೇನಲ್ಲ. ಒಳಗೆ ಕೂತು ಪಾತ್ರೆಗಳ ಜೊತೆ ಕುಲುಕಾಡುವುದಕ್ಕಿಂತ ನಡೆಯುವುದೇ ವಾಸಿ ಎಂದು ಮುದ್ದಕ್ಕ ಬೆಳಗಿನಿಂದ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿದ್ದಳು. ಹಾಗಾಗಿ ಟಣ್ ಎಂಬ ಸದ್ದು ಮೊದಲು ಕೇಳಿದ್ದು ಅವಳಿಗೆ. ನೋಡುತ್ತಿದ್ದ ಹಾಗೇ ಎಡಗಡೆಯ ಚಕ್ರ ಒಳಕ್ಕೆ ಬಾಗಿ ತಗಡನ್ನು ಕೆರೆಯತೊಡಗಿತು, ಪಾತ್ರೆಗಳು ಒಂದರ ಮೇಲೊಂದು ಬಿದ್ದವು. ಇಂಜಿನ್ನಿನ ಗದ್ದಲದಲ್ಲಿ ತಿಪ್ಪಯ್ಯನಿಗೆ ಏನು ಕೇಳಬೇಕು? ಅವಳೇ ಓಡಿ ಮುಂದೆ ಹೋಗಿ ಸೆರಗು ಬೀಸಿದಳು.

ಅವನು ಇಳಿದು ಬಂದು ಕುಕ್ಕರಗಾಲಲ್ಲಿ ಕೂತು ಅಡಿಗೆ ಬಗ್ಗಿ ನೋಡಿದ. ಎರಡೂ ಚಕ್ರಗಳಿಗೆ ಹಾಯ್ದಿದ್ದ ಕಬ್ಬಿಣದ ಅಚ್ಚು ಎಡಗಡೆ ಕೊನೆಯಲ್ಲಿ ತುಂಡಾಗಿತ್ತು.

"ಅಚ್ಚು ಹೋತು ಮುದ್ದಿ," ಎಂದ.

"ಈಗ?"

"ಈಗ ಏನು. ಇಲ್ಲೇ."

ಇಲ್ಲೇ ಎಂದುಬಿಟ್ಟರೆ ಆಯಿತೇ? ಮುಂದೆ ಬಿ.ಜಿ. ಕೆರೆಯಲ್ಲಿ ಮಗಳು ಗಂಗಲಕ್ಷ್ಮಿ ಬಟ್ಟೆ ಗಂಟು ಕಟ್ಟಿಕೊಂಡು ಕಾಯುತ್ತಿದ್ದಳು. ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಏಳು ತಿಂಗಳು ನಡೆಯುವಾಗಲೇ ಕರೆತರಬೇಕು. ಎಂಟಕ್ಕೆ ಬಿದ್ದರೆ ಯಾರೂ ಕರೆಯುವುದಿಲ್ಲ, ಯಾರೂ ಕಳಿಸುವುದಿಲ್ಲ. ನಾಳೆ ಅಮಾವಾಸ್ಯೆ, ಅಲ್ಲಿಗೆ ಏಳು ಮುಗಿಯಿತು. ಇವತ್ತು ದೀಪ ಹಚ್ಚುವುದರೊಳಗೆ ಮಗಳು ತವರಿನ ಹೊಸ್ತಿಲು ದಾಟಿರಬೇಕು. ಬಿ.ಜಿ. ಕೆರೆಯ ಹೊರಗೆ ಡಬ್ಬಿ ನಿಲ್ಲಿಸಿ, ಮಗಳನ್ನು ಒಳಗೆ ಕರೆದುಕೊಂಡು, ಅಮಾವಾಸ್ಯೆ ಕಳೆದ ಮೇಲೆ ನಿಧಾನಕ್ಕೆ ಮೊಳಕಾಲ್ಮುರು ಸೇರುವುದೆಂದು ಮುದ್ದಕ್ಕ ಲೆಕ್ಕ ಹಾಕಿದ್ದಳು. ಈಗ ಬಸ್ಸು ಹತ್ತಿ ಹೋಗಿ ಮಗಳನ್ನು ಕರೆತರಬಹುದಿತ್ತು. ಆದರೆ ಎಲ್ಲಿಗೆ ಕರೆತರುವುದು? ದಾರಿ ಬದಿಯಲ್ಲಿ ಕುಂಟಿ ನಿಂತ ತಗಡಿನ ಡಬ್ಬಿಗೆ ಅಂದರೆ ಬೀಗತಿ ದ್ರಾಕ್ಷಾಯಣಮ್ಮ ಕಳಿಸಿದ ಹಾಗೇ ಇತ್ತು.

ದ್ರಾಕ್ಷಾಯಣಮ್ಮ ಕೆಟ್ಟ ಹೆಂಗಸಲ್ಲ. ಸೊಸೆಯ ತಟ್ಟೆಗೆ ತುಪ್ಪ ಬಡಿಸಿ ತಾನು ಬರೀ ಮುದ್ದೆ ಉಣ್ಣುವವಳು. ಆದರೆ ಮಾತು ಮಾತ್ರ ಕಲ್ಲು ಒಡೆದ ಹಾಗೆ. ಬಾಣಂತನದ ಮಾತೆತ್ತಿದ ದಿನ ನಾಲ್ಕು ಜನರ ಎದುರಿಗೇ ಕೇಳಿದ್ದಳು: "ಹೊಸ್ತಿಲು ಅಂದ್ರೆ ನೆಲಕ್ಕೆ ಊರಿರಬೇಕಮ್ಮ. ಇವತ್ತು ಇಲ್ಲಿ, ನಾಳೆ ಹಿರಿಯೂರು ಅಂತ ತಿರುಗೋ ಡಬ್ಬಿಗೆ ಬಾಣಂತನಕ್ಕೆ ಹೆಂಗೆ ಕಳಿಸ್ಲಿ? ಬಚ್ಚಲು ಐತಾ ಅದ್ರಾಗೆ?"

"ಎಲ್ಲಾ ಐತಕ್ಕ," ಎಂದುಬಿಟ್ಟಿದ್ದಳು ಮುದ್ದಕ್ಕ. ಮೊಳಕಾಲ್ಮುರಲ್ಲಿ ಕೆಲಸ ಬಹಳ ದಿನ ಇದೆ, ಡಬ್ಬಿ ಅಲ್ಲಾಡುವುದಿಲ್ಲ, ಆಸ್ಪತ್ರೆಯೂ ಹತ್ತಿರ ಎಂದು ಒಂದೇ ಉಸಿರಿಗೆ ಹೇಳಿ ಒಪ್ಪಿಸಿಕೊಂಡು ಬಂದಿದ್ದಳು. ಬಚ್ಚಲು ಮಾತ್ರ ಇರಲಿಲ್ಲ. ಬಾಗಿಲ ಮುಂದೆ ಎರಡು ಇಟ್ಟಿಗೆ ಇಟ್ಟುಕೊಂಡು, ಸೀರೆ ಮರೆ ಕಟ್ಟಿಕೊಂಡು ಮೈಮೇಲೆ ನೀರು ಹುಯ್ದುಕೊಳ್ಳುತ್ತಿದ್ದದ್ದು ಅಷ್ಟೇ.

ತಿಪ್ಪಯ್ಯ ಇನ್ನೂ ಎಡಗಡೆಯ ಚಕ್ರ ಇಳಿದಿದ್ದ ರಸ್ತೆಯ ತಗ್ಗನ್ನೇ ನೋಡುತ್ತ ನಿಂತಿದ್ದ. ಮುರಿದ ಅಚ್ಚಿಗಿಂತ ಆ ತಗ್ಗು ಅವನಿಗೆ ಹೆಚ್ಚು ನೋವು ಕೊಟ್ಟಿತ್ತು.

"ಈ ರಸ್ತೆ ನಾನೇ ಒತ್ತಿದ್ದಲ್ಲೇನೆ? ಈ ಏರಿನಾಗೆ ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಹೋಗಿದ್ದೆ ಗೊತ್ತಾ? ಎಲ್ಲಿಂದ ಬಂತು ಈ ತಗ್ಗು?"

"ಬಿಡ್ರಿ. ಎಲ್ಲಾ ರಸ್ತೇನೂ ಕಿತ್ತೋಗ್ತಾವೆ."

"ನಾನು ಒತ್ತಿದ್ದು ಕಿತ್ತೋಗಲ್ಲ. ಲಾರಿಯೋರು ಸಿಕ್ಕಾಪಟ್ಟೆ ಹೇರ್ತಾರೆ. ಹೇರೋರು ಹೇರ್ತಾರೆ, ಮುರಿಯೋದು ಇನ್ನೊಬ್ಬರದು."

ಅಚ್ಚು ಯಾಕೆ ಮುರಿಯಿತು ಎಂದು ಮುದ್ದಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಎಡಗಡೆ ಮಂಚದ ಅಡಿಯಲ್ಲಿ, ಗೋಣಿಚೀಲ ಹೊದ್ದುಕೊಂಡು, ಒಂದು ಬಚ್ಚಲು ಕಲ್ಲು ಮಲಗಿತ್ತು.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದಿನ ಬೀದಿಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದರು. ಬಚ್ಚಲಿನ ಚಪ್ಪಡಿಯನ್ನು ಕಿತ್ತು ಬೀದಿಗೆ ಹಾಕಿದ್ದರು. ಎಷ್ಟು ತಲೆಮಾರಿನವರು ಅದರ ಮೇಲೆ ಕೂತು ನೀರು ಹುಯ್ಯಿಸಿಕೊಂಡಿದ್ದರೋ, ನಡುವೆ ಸವೆದು ನುಣ್ಣಗಾಗಿತ್ತು. ಮುದ್ದಕ್ಕ ಅದನ್ನು ಸವರಿ ನೋಡಿ, ಮನೆಯವರನ್ನು ಕೇಳಿದಳು. ಹೊರೋ ಹಂಗಿದ್ರೆ ಒಯ್ಯಮ್ಮ ಎಂದರು. ತಿಪ್ಪಯ್ಯ ಡೀಸೆಲ್ಲಿಗೆ ಹೋಗಿದ್ದ ಹೊತ್ತು ನೋಡಿ, ಕೂಲಿ ಹೆಂಗಸರನ್ನು ಕರೆದು, ಉಸ್ಸಪ್ಪಾ ಎಂದು ಹೊರಿಸಿ ಮಂಚದ ಅಡಿಗೆ ತಳ್ಳಿಸಿದಳು.

ಕದ್ದುಮುಚ್ಚಿ ಯಾಕೆ ಅಂದರೆ, ಡಬ್ಬಿಯೊಳಗೆ ತಿಪ್ಪಯ್ಯನದು ಒಂದೇ ಕಾನೂನು: ಭಾರದ್ದೇನೂ ಬೇಡ, ಅಚ್ಚು ಹಳೆಯದು. ಆ ಕಾನೂನಿಗಾಗಿ ಮುದ್ದಕ್ಕ ಊರೂರಲ್ಲಿ ಒಂದೊಂದು ಸಾಮಾನು ಬಿಟ್ಟು ಬಂದಿದ್ದಳು. ಅವಳವ್ವ ಕೊಟ್ಟ ಮರದ ಪೆಟ್ಟಿಗೆ ಜಗಳೂರಲ್ಲಿ. ತುಳಸಿ ಕಟ್ಟೆಯ ಕಲ್ಲು ಪಾವಗಡದಲ್ಲಿ. ಒಳಕಲ್ಲು ಹಿರಿಯೂರಲ್ಲಿ, ಅದನ್ನು ಬಿಡುವಾಗ ಅತ್ತೇಬಿಟ್ಟಿದ್ದಳು, ಚಟ್ನಿಗೆ ಅತ್ತಳು ಎಂದು ಅವನು ನಕ್ಕಿದ್ದ. ಪ್ರತಿ ಸಲ ಅವನು ಹೇಳಿದ್ದು ಸರಿಯೇ ಇತ್ತು. ಸರಿ ಇರುವವರ ಜೊತೆ ಬಾಳುವುದು ಎಷ್ಟು ಸುಸ್ತು ಎಂಬುದು ಬಾಳಿದವರಿಗೇ ಗೊತ್ತು.

"ಸಾಮಾನೆಲ್ಲ ಇಳಿಸು," ಎಂದ ತಿಪ್ಪಯ್ಯ. "ಜಾಕಿ ಕೊಟ್ಟು ಎತ್ತಿ, ಕಲ್ಲು ಕೊಟ್ಟು ನಿಲ್ಲಿಸಿ, ಅಚ್ಚು ಬಿಚ್ತೀನಿ."

ಅವಳು ಒಂದೊಂದಾಗಿ ಇಳಿಸಿ ಹೊಂಗೆ ಮರದ ನೆರಳಿಗೆ ಹಾಕಿದಳು. ರಾಗಿ ಹಿಟ್ಟಿನ ಡಬ್ಬ, ಕೊಡಪಾನ, ಸ್ಟೌ, ಹಾಸಿಗೆ ಸುರುಳಿ, ಮಗಳಿಗೆಂದು ಒಟ್ಟುಮಾಡಿದ ಕೊಬ್ಬರಿ, ಬೆಲ್ಲ, ಹಳೇ ಸೀರೆಯ ಬಟ್ಟೆಗಳು. ಮಂಚವನ್ನು ಮುಟ್ಟಲಿಲ್ಲ. ತಿಪ್ಪಯ್ಯ ಜಾಕಿ ತಿರುವಿದ. ಜಾಕಿ ನರಳಿತು, ಡಬ್ಬಿ ಏಳಲಿಲ್ಲ.

"ಒಳಗೆ ಇನ್ನೇನೈತೆ?"

"ಮಂಚ."

"ಮಂಚ ಇಷ್ಟು ಭಾರ ಇರ್ತೈತಾ?"

"ನಿಮ್ಗೆ ಬೆಳಗ್ಗೆಯಿಂದ ಊಟ ಇಲ್ಲ, ಅದ್ಕೆ ಕೈಯಾಗೆ ಶಕ್ತಿ ಇಲ್ಲ," ಎಂದಳು ಮುದ್ದಕ್ಕ. ಹೇಳಿದ ಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂತು. ಅವನು ಮತ್ತೆ ಕೇಳಲಿಲ್ಲ. ಹಲ್ಲು ಕಚ್ಚಿ ತಿರುವಿ, ಇಂಚು ಇಂಚಾಗಿ ಎತ್ತಿ, ರಸ್ತೆ ಬದಿಯ ದಪ್ಪ ಗುಂಡುಕಲ್ಲುಗಳನ್ನು ನಾಲ್ಕು ಮೂಲೆಗೂ ಕೊಟ್ಟ. ಚಕ್ರ ಬಿಚ್ಚಿ ಮರದ ಬುಡಕ್ಕೆ ಒರಗಿಸಿದ. ಮುರಿದ ಅಚ್ಚಿನ ಎರಡು ತುಂಡನ್ನೂ ಎಳೆದು ಹೊರಗೆ ಹಾಕಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಚಳ್ಳಕೆರೆ ಕಡೆಗೆ ಹೋಗುವ ಲಾರಿಯೊಂದಕ್ಕೆ ಕೈ ಅಡ್ಡ ಹಾಕಿ, ತುಂಡುಗಳನ್ನು ಹಿಂದಕ್ಕೆ ಎಸೆದು, "ಲೇತಿನ ಅಂಗಡಿಗೆ ಹೋಗಿ ಬರ್ತೀನಿ, ಡಬ್ಬಿ ಬಿಟ್ಟು ಎಲ್ಲೂ ಹೋಗ್ಬ್ಯಾಡ," ಎಂದು ಹತ್ತಿಕೊಂಡ.

ಮುದ್ದಕ್ಕ ಮರದ ನೆರಳಲ್ಲಿ ಕಾಲು ಚಾಚಿ ಕೂತಳು. ಎದುರಿಗೆ ಶೇಂಗಾ ಕಿತ್ತ ಹೊಲ, ಅದರಾಚೆಗೆ ಬಂಡೆಗುಡ್ಡ. ಸೊಂಟ ಹಿಡಿದುಕೊಂಡಿತ್ತು. ಈ ಸೊಂಟನೋವಿಗೂ ಗಂಗಲಕ್ಷ್ಮಿಗೂ ಒಂದೇ ವಯಸ್ಸು. ಅವಳು ಹುಟ್ಟಿದಾಗ ಮುದ್ದಕ್ಕನಿಗೆ ಅವ್ವ ಇರಲಿಲ್ಲ, ತವರಿಗೆ ಬಾಗಿಲಿರಲಿಲ್ಲ. ಜೊತೆಗಿದ್ದ ಕೂಲಿ ಮುದುಕಿಯೊಬ್ಬಳು ಡಾಂಬರು ಡ್ರಮ್ಮಿನ ಮುಚ್ಚಳ ಮಗುಚಿ ಹಾಕಿ ಅದರ ಮೇಲೆ ಕೂರಿಸಿ ನೀರು ಹುಯ್ದಿದ್ದಳು. ಬಿಸಿನೀರು ಹುಯ್ದರೆ ಮುಚ್ಚಳ ಸುಡುತ್ತಿತ್ತು, ಸ್ವಲ್ಪ ಹೊತ್ತಿಗೆ ತಣ್ಣಗೆ ಕೊರೆಯುತ್ತಿತ್ತು. ಆವತ್ತು ಹಿಡಿದ ನೋವು ಬಿಟ್ಟೇ ಇಲ್ಲ. ತನ್ನ ಮಗಳು ಕಲ್ಲಿನ ಮೇಲೆ ಕೂತು ನೀರು ಹುಯ್ಯಿಸಿಕೊಳ್ಳಬೇಕು ಎಂಬುದೊಂದೇ ಅವಳಿಗೆ ಇದ್ದ ಆಸೆ, ಅದು ದೊಡ್ಡ ಆಸೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಗಳಿಗೂ ಒಂದು ನೋವಿತ್ತು, ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೇ. ಹೊಸದಾಗಿ ಗಂಡನ ಮನೆಗೆ ಹೋದಾಗ ಓಣಿಯ ಹೆಂಗಸರು ಬಂದು, ತವರು ಯಾವೂರಮ್ಮ ಎಂದು ಕೇಳಿದರೆ ಗಂಗಲಕ್ಷ್ಮಿ ಅವ್ವನ ಮುಖ ನೋಡಿದ್ದಳು. ಯಾವ ಊರು ಹೇಳಲಿ ಎಂಬ ಆ ನೋಟ ಮುದ್ದಕ್ಕನಿಗೆ ಇವತ್ತಿಗೂ ಚುಚ್ಚುತ್ತದೆ.

ಬಿಸಿಲು ಬಾಗತೊಡಗಿತು. ಕುರಿ ವ್ಯಾಪಾರದ ಪಾತಣ್ಣ ತಳಕಿನ ಕಡೆಯಿಂದ ಟಿವಿಎಸ್ ಗಾಡಿಯಲ್ಲಿ ಬಂದ. ದ್ರಾಕ್ಷಾಯಣಮ್ಮನ ಪಕ್ಕದ ಮನೆಯವನು.

"ಏನಕ್ಕ, ಮನೆ ಇಲ್ಲೇ ಕಟ್ಟಿಬಿಟ್ರಾ?" ಎಂದು ಗಾಡಿ ನಿಲ್ಲಿಸಿ ನಕ್ಕ. ಅವಳ ಮುಖ ನೋಡಿ ನಗು ನುಂಗಿಕೊಂಡ.

"ಪಾತಣ್ಣ, ನಮ್ಮ ಬೀಗತಿಗೆ ಒಂದು ಮಾತು ಹೇಳಪ್ಪ. ಅಚ್ಚು ಮುರೀತು, ಇವತ್ತು ಬರಾಕೆ ಆಗಲ್ಲ ಅನ್ನು."

"ನಾಳೆ ಬರ್ತಾರಂತ ಹೇಳ್ಲಾ?"

"ನಾಳೆ ಅಮಾಸೆ," ಎಂದಳು ಮುದ್ದಕ್ಕ. "ಬರಾಕೆ ಆಗಲ್ಲ ಅಂತ ಹೇಳು, ಸಾಕು."

ಅವನು ಹೋದ. ಅವಳು ಕೊಬ್ಬರಿ ಬೆಲ್ಲದ ಗಂಟನ್ನು ಮತ್ತೆ ಒಳಗಿಟ್ಟು ಬಂದಳು. ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕು.

ತಿಪ್ಪಯ್ಯ ಹಿಂತಿರುಗಿದ್ದು ಬರಿಗೈಯಲ್ಲಿ. "ಲೇತಿನ ಸಾಬರು ನಾಳೆ ಮಧ್ಯಾಹ್ನಕ್ಕೆ ಕೊಡ್ತಾರಂತೆ. ಬೆಸುಗೆ ಹಾಕಿದ್ರೆ ನಿಲ್ಲಲ್ಲ, ಹೊಸ ಸರಳು ಕಡೀಬೇಕು ಅಂದ್ರು," ಎಂದು ಅವಳ ಪಕ್ಕ ಕುಸಿದು ಕೂತ. "ಮುರಿದಿದ್ದು ನೋಡಿ ಬೈದ್ರು ಕಣೆ. ಏನ್ ಹೇರಿದ್ದೆಯಪ್ಪಾ ಇದ್ರ ಮೇಲೆ ಅಂತ. ಏನೂ ಇಲ್ಲ ಸಾಬ್ರೇ, ಬರೀ ಸಂಸಾರ ಅಂದೆ."

ಮುದ್ದಕ್ಕ ಈಗ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಅವನು ಆಗಲೇ ಆ ತಗ್ಗಿನ ಕಡೆ ನೋಡುತ್ತ, "ನನ್ನ ಕೆಲಸದಾಗೇ ಏನೋ ಕಮ್ಮಿ ಆಗಿರಬೇಕು. ಒತ್ತುವಾಗ ನೀರು ಸಾಲದಾಗಿತ್ತೇನೋ," ಎನ್ನುತ್ತಿದ್ದ. ಅವನ ದನಿ ಕೇಳಿದ ಮೇಲಂತೂ ಅವಳಿಗೆ ಹೇಳಲಾಗಲಿಲ್ಲ.

ಹೀಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದಾಗ ಬಿ.ಜಿ. ಕೆರೆಯ ಕಡೆಯಿಂದ ಒಂದು ಲಗೇಜ್ ಆಟೋ ಬಂದು ರೋಲರಿನ ಮುಂದೆ ನಿಂತಿತು. ಮೊದಲು ಇಳಿದದ್ದು ದ್ರಾಕ್ಷಾಯಣಮ್ಮ, ಹಿಂದೆ ಹೊಟ್ಟೆ ಹಿಡಿದುಕೊಂಡು ಗಂಗಲಕ್ಷ್ಮಿ.

"ಪಾತಣ್ಣ ಬಂದು ಮನೆ ಮುರೀತು ಅಂದ," ಎಂದಳು ದ್ರಾಕ್ಷಾಯಣಮ್ಮ, ಕುಶಲ ಕೇಳುವ ಗೋಜಿಗೆ ಹೋಗದೆ. "ಇವ್ಳು ಊಟ ಬಿಟ್ಟು ಗೋಡೆ ಕಡೆ ಮುಖ ಹಾಕ್ಕೊಂಡು ಕೂತ್ಳು. ಕಣ್ಣಾರೆ ನೋಡ್ಲಿ, ನೋಡಿದ್ಮೇಲೆ ವಾಪಸ್ ಕರ್ಕೊಂಡು ಹೋದ್ರಾತು ಅಂತ ಬಂದೆ."

"ಬರ್ರಿ ಅಕ್ಕ, ಕೂತ್ಕಳ್ರಿ," ಎಂದು ತಿಪ್ಪಯ್ಯ ಎದ್ದು ನಿಂತ. ದ್ರಾಕ್ಷಾಯಣಮ್ಮ ಕೂರಲಿಲ್ಲ. ಡಬ್ಬಿಯ ಸುತ್ತ ಒಂದು ಸುತ್ತು ಬಂದಳು. ತಗಡು ತಟ್ಟಿದಳು. ಮೂಲೆಯ ಗುಂಡುಕಲ್ಲನ್ನು ಕಾಲಲ್ಲಿ ಒದ್ದು ನೋಡಿದಳು.

"ಚಕ್ರ ಎಲ್ಲಿ?"

"ಅಗೋ, ಮರದ ಬುಡದಾಗೆ."

"ಅಲ್ಲಾಡ್ತೈತಾ ಇದು?"

"ಇಲ್ಲಕ್ಕ. ಮಟ್ಟ ನೋಡಿ ಕಲ್ಲು ಕೊಟ್ಟಿದೀನಿ."

ಗಂಗಲಕ್ಷ್ಮಿ ಅಷ್ಟು ಹೊತ್ತೂ ಅವ್ವನ ಪಕ್ಕ ಸುಮ್ಮನೆ ನಿಂತಿದ್ದಳು. ಈಗ ಮೆಲ್ಲಗೆ, "ಅತ್ತೆ, ಇವತ್ತು ಚಕ್ರ ಇಲ್ಲ ನೋಡ್ರಿ. ಕಲ್ಲಿನ ಮೇಲೈತೆ. ಎಲ್ಲಾರ ಮನೇನೂ ಕಲ್ಲಿನ ಮೇಲೇ ಅಲ್ವಾ ಇರೋದು?" ಎಂದಳು.

"ಬಾಯಿ ನೋಡು ಇವ್ಳದ್ದು," ಎಂದಳು ದ್ರಾಕ್ಷಾಯಣಮ್ಮ. ಗದರುವ ಹಾಗೆ ಹೇಳಿದರೂ ತುಟಿಯ ಕೊನೆ ಸಡಿಲಾಗಿತ್ತು. ಹೊತ್ತು ಎಷ್ಟಿದೆ ಎಂದು ಒಮ್ಮೆ ಸೂರ್ಯನ ಕಡೆ ನೋಡಿದಳು. ಆಮೇಲೆ ಮುದ್ದಕ್ಕನ ಕಡೆ ತಿರುಗಿದಳು. "ಹೊಸ್ತಿಲ ಮಾತು ಬಿಡಮ್ಮ. ಆವತ್ತು ಎಲ್ಲಾ ಐತೆ ಅಂದಿದ್ದೆ. ಬಚ್ಚಲು ಎಲ್ಲೈತೆ, ಅದೊಂದು ತೋರ್ಸು. ಬಾಣಂತೀನ ನಾನು ಕೆಸರಾಗೆ ಕೂರ್ಸಾಕೆ ಕಳಿಸಲ್ಲ."

ತಿಪ್ಪಯ್ಯ ತಲೆ ತಗ್ಗಿಸಿದ. ಅವನ ಪ್ರಕಾರ ಡಬ್ಬಿಯಲ್ಲಿ ಬಚ್ಚಲು ಇರಲಿಲ್ಲ. ಮುದ್ದಕ್ಕ ಇಲ್ಲ ಎಂದರೆ ಮಗಳು ಬಂದ ಆಟೋದಲ್ಲೇ ಹಿಂದಕ್ಕೆ ಹೋಗುತ್ತಾಳೆ, ನಾಳೆಯಿಂದ ಎಂಟು. ಇದೆ ಎಂದರೆ ಗಂಡನ ಎದುರು ಗೋಣಿಚೀಲ ಎತ್ತಬೇಕು. ಮುದ್ದಕ್ಕ ಎರಡನ್ನೂ ತೂಗಿ ನೋಡುವಷ್ಟು ಕೂಡ ನಿಲ್ಲಲಿಲ್ಲ.

"ಐತಕ್ಕ," ಎಂದಳು. ಒಳಗೆ ಹೋಗಿ ಮಂಚವನ್ನು ಪಕ್ಕಕ್ಕೆ ಎಳೆದು ಚೀಲ ತೆಗೆದಳು.

ಮೂವರೂ ಬಾಗಿಲಿಗೆ ಬಂದು ನೋಡಿದರು. ದ್ರಾಕ್ಷಾಯಣಮ್ಮ ಬಗ್ಗಿ ಕಲ್ಲಿನ ಮೇಲೆ ಕೈಯಾಡಿಸಿ, "ಒಳ್ಳೇ ಕಲ್ಲು. ಎಲ್ಲಿ ಸಿಕ್ತು ಇದು?" ಎಂದಳು. ತಿಪ್ಪಯ್ಯ ಕಲ್ಲನ್ನು ನೋಡಿದ. ಅದು ಎಡಗಡೆ ಇದ್ದದ್ದನ್ನು ನೋಡಿದ. ಹಾಗೇ ಬಗ್ಗಿ ಅಚ್ಚು ಇದ್ದ ಜಾಗವನ್ನು ನೋಡಿದ.

"ಚಳ್ಳಕೆರೆಯಾಗೆ, ನೀವು ಡೀಸೆಲ್ಲಿಗೆ ಹೋದಾಗ ಹಾಕ್ಸಿದೆ," ಎಂದಳು ಮುದ್ದಕ್ಕ. ಅವಳು ಹೇಳಿದ್ದು ಬೀಗತಿಗಲ್ಲ. "ಅಚ್ಚು ಮುರಿದಿದ್ದು ಇದ್ರಿಂದ. ನಿಮ್ಮ ರಸ್ತೆದು ಏನೂ ತಪ್ಪಿಲ್ಲ."

ಅವನು ರೋಲರಿನ ಹತ್ತಿರ ಹೋದ. ಬೈಗುಳ ಹುಡುಕುವುದಕ್ಕೆ ಹೋದ ಎಂದುಕೊಂಡಳು ಮುದ್ದಕ್ಕ. ಬಂದದ್ದು ಹಾರೆ ಹಿಡಿದುಕೊಂಡು. ಆಟೋದವನನ್ನು ಕರೆದು, ಇಬ್ಬರೂ ಹಲಗೆ ಕೊಟ್ಟು ಕಲ್ಲನ್ನು ಜಾರಿಸಿ ಇಳಿಸಿದರು. ಬಾಗಿಲ ಪಕ್ಕದಲ್ಲಿ ತಿಪ್ಪಯ್ಯ ನೆಲ ಕೆರೆದು, ಜಲ್ಲಿ ಹಾಸಿ, ಹಾರೆಯ ಬುಡದಿಂದ ಗುದ್ದಿ ಗಟ್ಟಿ ಮಾಡಿ, ಕಲ್ಲು ಕೂರಿಸಿದ. ಒಂದು ಚೊಂಬು ನೀರು ಹುಯ್ದು ಹರಿಯುವ ಕಡೆ ನೋಡಿದ. ನೀರು ಹೊಸ್ತಿಲ ಕಡೆಗೆ ಬಂತು. ಮತ್ತೆ ಎತ್ತಿ, ಒಂದು ಕಡೆಗೆ ಇಷ್ಟು ಜಲ್ಲಿ ತುಂಬಿ, ಮತ್ತೆ ಕೂರಿಸಿ, ಮತ್ತೆ ಹುಯ್ದ. ಈ ಸಲ ನೀರು ಮರದ ಕಡೆಗೆ ಹೋಯಿತು. ಬೆಳಗಿನಿಂದ ದಣಿದ ಮನುಷ್ಯ ಅಷ್ಟು ಅಚ್ಚುಕಟ್ಟಾಗಿ ಮಾಡುವುದನ್ನು ನೋಡುತ್ತ ಮುದ್ದಕ್ಕ ಖಾಲಿ ಚೊಂಬನ್ನು ಮತ್ತೆ ತುಂಬಿ ತಂದಳು.

"ನಾಳೆ ಸುತ್ತಲೂ ತಾಡಪಾಲು ಕಟ್ತೀನಕ್ಕ," ಎಂದ. "ಮೊಳಕಾಲ್ಮುರಿಗೆ ಹೋದ್ಮೇಲೆ ತಗಡಿನ ಮರೆ ಹಾಕ್ತೀನಿ."

"ಹ್ಞೂಂ," ಎಂದಳು ದ್ರಾಕ್ಷಾಯಣಮ್ಮ. ಆಟೋದಿಂದ ಬಟ್ಟೆ ಗಂಟು ಇಳಿಸಿ ಮುದ್ದಕ್ಕನ ಕೈಗಿಟ್ಟಳು. ವಾಪಸ್ ಕರೆದೊಯ್ಯಲು ಬಂದವಳು ಗಂಟು ಯಾಕೆ ತಂದಿದ್ದಳು ಎಂದು ಯಾರೂ ಕೇಳಲಿಲ್ಲ.

ಗಂಗಲಕ್ಷ್ಮಿ ಕಲ್ಲಿನ ಮೇಲೆ ನಿಂತಳು. ಮುದ್ದಕ್ಕ ಅವಳ ಊದಿದ ಪಾದಗಳ ಮೇಲೆ ನೀರು ಹುಯ್ದಳು. ಕೈಯಿಂದ ಉಜ್ಜಿ ತೊಳೆದಳು, ತೊಳೆದದ್ದೇ ತೊಳೆದಳು, ಸಾಕು ಬಿಡವ್ವ ಎಂದು ಮಗಳು ನಕ್ಕ ಮೇಲೆ ಬಿಟ್ಟಳು. ಒದ್ದೆ ಪಾದದಲ್ಲೇ ಗಂಗಲಕ್ಷ್ಮಿ ಬಲಗಾಲಿಟ್ಟು ಒಳಗೆ ಹೋದಳು. ಹೋದವಳೇ ಮಂಚದ ಮೇಲೆ ಉರುಳಿಕೊಂಡು, ಅತ್ತೆ ಆಟೋ ಹತ್ತುವಷ್ಟರಲ್ಲಿ ನಿದ್ದೆ ಹೋಗಿದ್ದಳು.

ಹೊತ್ತು ಮುಳುಗುತ್ತಿತ್ತು. ಮುದ್ದಕ್ಕ ಹೊರಗೆ ಸ್ಟೌ ಹಚ್ಚಿ ಟೀ ಮಾಡಿದಳು. ತಿಪ್ಪಯ್ಯ ರೋಲರಿನ ದೊಡ್ಡ ಚಕ್ರಕ್ಕೆ ಒರಗಿ ಕೂತು ಲೋಟ ಹಿಡಿದುಕೊಂಡ.

"ಹತ್ತು ಟನ್ನಿನ ರೋಲರು ಕಣ್ಣ ಮುಂದೆ ಇತ್ತಲ್ಲೇ ಮುದ್ದಿ," ಎಂದ. "ಇದ್ರ ಮೇಲೆ ಒಂದು ಕಲ್ಲು ಇಟ್ರೆ ಇದಕ್ಕೆ ಗೊತ್ತೇ ಆಗ್ತಿರಲಿಲ್ಲ. ನಂಗೆ ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ಬ್ಯಾಡ ಅಂತಿದ್ರಿ."

ಅವನು ಯೋಚನೆ ಮಾಡಿದ. "ಅಂತಿದ್ದೆ," ಎಂದು ಒಪ್ಪಿಕೊಂಡು ಟೀ ಕುಡಿದು ಮುಗಿಸಿದ. ಖಾಲಿ ಲೋಟವನ್ನು ಅವಳ ಕೈಗೆ ಕೊಡುತ್ತ ಅವಳ ಮುಖ ನೋಡದೆ ಕೇಳಿದ:

"ಹಿರಿಯೂರಾಗೆ ಒಳಕಲ್ಲು ಬಿಟ್ಟು ಬಂದೆವಲ್ಲ, ಅದು ಎಲ್ಲಿಟ್ಟಿದ್ದೆ?"

"ಇಸ್ಕೂಲಿನ ಹಿಂದೆ, ಬೇವಿನ ಮರದ ಬುಡದಾಗೆ," ಎಂದಳು ಮುದ್ದಕ್ಕ, ಅವನು ಕೇಳಿ ಮುಗಿಸುವ ಮೊದಲೇ.